ಕೊಳ್ಳುವ ಮೊದಲು ಕುರ್ಚಿ ತಲೆಕೆಳಗು ಮಾಡಿ ನೋಡಿ | ಜಪಾಂಡಿ ಮನೆಗೆ ಬಾಳಿಕೆಯ ಫರ್ನಿಚರ್

[ದೃಶ್ಯ: ಖಾಲಿ ಕೋಣೆ, ಕಿಟಕಿಯ ಬೆಳಕು. ಚಾಪೆಯ ಮೇಲೆ ತಲೆಕೆಳಗಾಗಿ ಇಟ್ಟ ಮರದ ಕುರ್ಚಿ.]

ನಮಸ್ಕಾರ. ಇವತ್ತು ಕುರ್ಚಿಯ ಅಡಿಭಾಗದಿಂದಲೇ ಶುರು ಮಾಡೋಣ.

ಕಾಲು ಮತ್ತು ಅಡ್ಡಪಟ್ಟಿ ಸೇರುವ ಈ ಜಾಗ ನೋಡಿ. ಒಂದು ತುಂಡಿನಲ್ಲಿ ತೂತು. ಇನ್ನೊಂದರಲ್ಲಿ ಆ ತೂತಿಗೆ ಬಿಗಿಯಾಗಿ ಕೂರುವ ನಾಲಿಗೆ. ಹತ್ತಿಪ್ಪತ್ತು ವರ್ಷ ಬಿಟ್ಟು ಇದು ಅಲ್ಲಾಡಿದರೆ ಬಡಗಿ ಬಿಚ್ಚುತ್ತಾರೆ, ಹಳೆ ಅಂಟು ಕೆರೆಯುತ್ತಾರೆ, ಹೊಸ ಅಂಟು ಹಾಕಿ ಬಿಗಿಯುತ್ತಾರೆ. ಕುರ್ಚಿ ಮತ್ತೆ ಗಟ್ಟಿ.

[ದೃಶ್ಯ: ಕಿತ್ತುಬಂದ ಸ್ಕ್ರೂ, ಪಾರ್ಟಿಕಲ್ ಬೋರ್ಡಿನ ಪುಡಿಯಾದ ಅಂಚು.]

ಇದು ನಮ್ಮ ಮನೆಯ ಓದುವ ಮೇಜು. ಮೇಲೆ ತಿಳಿ ಬಣ್ಣದ ಓಕ್ ಮರದಂತೆ ಕಾಣುವ ಹಾಳೆ, ಒಳಗೆ ಮರದ ಚೂರು ಮತ್ತು ಅಂಟು. ಮನೆ ಬದಲಾಯಿಸುವಾಗ ಒಂದು ಸಲ ಬಿಚ್ಚಿ ಜೋಡಿಸಿದೆವು. ಎರಡನೇ ಸಲ ಸ್ಕ್ರೂ ಹಿಡಿಯಲೇ ಇಲ್ಲ. ಚೂರುಗಳನ್ನು ಒತ್ತಿ ಮಾಡಿದ ಹಲಗೆಯಲ್ಲಿ ಮರದ ಉದ್ದನೆಯ ಎಳೆ ಇರುವುದಿಲ್ಲ. ಸ್ಕ್ರೂ ತೆಗೆದು ಹಾಕಿದಷ್ಟೂ ತೂತು ಸವೆಯುತ್ತದೆ. ಅದರ ಬಣ್ಣ, ಆಕಾರ ಎಲ್ಲ ‘ಜಪಾಂಡಿ’ಯೇ ಆಗಿತ್ತು. ಮೂರು ವರ್ಷಕ್ಕೆ ಕಸಕ್ಕೆ ಹೋಯಿತು.

ಜಪಾಂಡಿ ಅಂದರೆ ಜಪಾನ್ ಮತ್ತು ಸ್ಕ್ಯಾಂಡಿನೇವಿಯಾ ಎರಡೂ ಸೇರಿದ ಶೈಲಿ. ತಿಳಿ ಮರ, ತಗ್ಗಿನ ಸೋಫಾ, ಖಾಲಿ ಗೋಡೆ. ಫೋಟೋದಲ್ಲಿ ಕಾಣುವುದು ಇಷ್ಟೇ. ಆದರೆ ಆ ಎರಡೂ ಕಡೆಯ ಒಳ್ಳೆಯ ಕೆಲಸಗಾರರು ಶತಮಾನದಿಂದ ಮಾಡಿಕೊಂಡು ಬಂದದ್ದು ಬೇರೆಯೇ. ಹತ್ತಿರ ಸಿಗುವ ಮರ ತಗೊಂಡರು, ರಿಪೇರಿ ಮಾಡಲು ಬರುವ ಹಾಗೆ ಜೋಡಿಸಿದರು. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

[ದೃಶ್ಯ: ಮೂರು ಕಾಲಿನ ದುಂಡು ಸ್ಟೂಲು. ಕ್ಯಾಮೆರಾ ಕಾಲಿನ ಬಾಗಿದ ಭಾಗಕ್ಕೆ ಹೋಗುತ್ತದೆ.]

ಫಿನ್ಲೆಂಡಿನ ಅಲ್ವಾರ್ ಆಲ್ಟೊ 1933ರಲ್ಲಿ ರೂಪಿಸಿದ ಸ್ಟೂಲ್ 60 ಇದು. ಕಾಡಿನ ತುಂಬ ಬರ್ಚ್ ಮರ ಬೆಳೆಯುವ ದೇಶ ಅದು, ಹಾಗಾಗಿ ಸ್ಟೂಲೂ ಬರ್ಚಿನದೇ. ಕಾಲು ಬಾಗಿರುವ ಜಾಗ ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಗೆರೆ ಕಾಣುತ್ತವೆ, ಅಲ್ವಾ? ಗಟ್ಟಿ ಮರದ ತುದಿಯನ್ನು ಎಳೆಯ ಉದ್ದಕ್ಕೆ ಗರಗಸದಿಂದ ಸೀಳಿ, ಆ ಸಂದುಗಳಲ್ಲಿ ತೆಳ್ಳನೆಯ ಮರದ ಹಾಳೆಗಳನ್ನು ಅಂಟು ಹಚ್ಚಿ ತೂರಿಸಿ, ಬಿಸಿ ಮಾಡಿ ಬಗ್ಗಿಸುತ್ತಾರೆ. ಆಮೇಲೆ ಕಾಲನ್ನು ನೇರವಾಗಿ ಕೂರುವ ಹಲಗೆಯ ಅಡಿಗೆ ಸ್ಕ್ರೂ ಹಾಕುತ್ತಾರೆ. ಅಷ್ಟೇ.

ಇದನ್ನು ಮಾಡುವ ಆರ್ಟೆಕ್ ಕಂಪನಿ 2006ರಿಂದ ಹಳೆ ಸ್ಟೂಲುಗಳನ್ನು ವಾಪಸ್ ಕೊಂಡು ಮತ್ತೆ ಮಾರುತ್ತಿದೆ. ಶಾಲೆಗಳಲ್ಲಿ ಮಕ್ಕಳು ಗೀಚಿದ ಗುರುತು, ಮೂರು ಪದರ ಬಣ್ಣ, ಎಲ್ಲ ಇದ್ದ ಹಾಗೇ. 2023ರಲ್ಲಿ ಇನ್ನೊಂದು ಒಳ್ಳೆಯ ಹೆಜ್ಜೆ ಇಟ್ಟರು. ಗಂಟು, ಹುಳು ಕೊರೆದ ಗೆರೆ, ಕಪ್ಪಾದ ತಿರುಳು ಇರುವ ಮರವನ್ನು ಮೊದಲು ಬೇಡ ಅಂತ ತೆಗೆದುಬಿಡುತ್ತಿದ್ದರು. ಈಗ ‘ವಿಲ್ಲಿ’ ಅನ್ನುವ ಹೆಸರಿನಲ್ಲಿ ಅದರಿಂದಲೂ ಸ್ಟೂಲು ಮಾಡುತ್ತಾರೆ. ಫಿನ್ನಿಶ್ ಭಾಷೆಯಲ್ಲಿ ವಿಲ್ಲಿ ಅಂದರೆ ಕಾಡು, ಕಾಡಿನ ಸ್ವಭಾವದ್ದು. ನೀವು ಅಂಗಡಿಗೆ ಹೋದಾಗ ಒಂದೂ ಗಂಟಿಲ್ಲದ ಮೇಜು ಹುಡುಕುವ ಮೊದಲು ಇದನ್ನು ನೆನಪಿಸಿಕೊಳ್ಳಿ. ನಾವು ಚೊಕ್ಕ ಹಲಗೆಯನ್ನೇ ಕೇಳಿದರೆ ಮರದ ಉಳಿದ ಭಾಗ ಮೇಜಾಗುವುದೇ ಇಲ್ಲ.

[ದೃಶ್ಯ: ಜಪಾನಿನ ನಕ್ಷೆ. ದಟ್ಟ ಸುಗಿ ತೋಪು.]

ಜಪಾನಿನ ಕಥೆ ಸ್ವಲ್ಪ ಬೇರೆ. ಆ ದೇಶದ ಸುಮಾರು ಮೂರನೇ ಎರಡು ಭಾಗ ಕಾಡು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ ಕಟ್ಟಲು ಮರ ಬೇಕು ಅಂತ ಬೆಟ್ಟದ ತುಂಬ ಸುಗಿ ಮತ್ತು ಹಿನೋಕಿ ಅನ್ನುವ ಸೂಜಿ ಎಲೆಯ ಮರಗಳನ್ನು ನೆಟ್ಟರು. ಅವು ಬೆಳೆಯುವ ಹೊತ್ತಿಗೆ ಹೊರದೇಶದ ಮರ ಅಗ್ಗವಾಗಿ ಬರತೊಡಗಿತು. ಎಷ್ಟೋ ತೋಪುಗಳನ್ನು ಕಡಿಯುವವರೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ. ವಸಂತ ಬಂತು ಅಂದರೆ ಸುಗಿಯ ಪರಾಗದಿಂದ ಊರಿಗೆ ಊರೇ ಸೀನುತ್ತದೆ.

ಸುಗಿ ಮೆತ್ತನೆಯ ಮರ. ಉಗುರು ಒತ್ತಿದರೆ ಗುರುತು ಬೀಳುತ್ತದೆ. ಕುರ್ಚಿಗೆ ಆಗಲ್ಲ ಅಂತಲೇ ಅಂದುಕೊಂಡಿದ್ದರು. ಗಿಫು ಪ್ರಾಂತದ ತಕಯಾಮದಲ್ಲಿ 1920ರಲ್ಲಿ ಶುರುವಾದ ಹಿದಾ ಸಾಂಗ್ಯೊ ಅನ್ನುವ ಕಂಪನಿ ಇದಕ್ಕೆ ದಾರಿ ಹುಡುಕಿತು. ಸುಗಿಯನ್ನು ಬಿಸಿ ಮಾಡಿ, ಭಾರಕ್ಕೆ ಒತ್ತಿ ಗಟ್ಟಿಯಾಗಿಸಿ ಕುರ್ಚಿ ಮೇಜು ಮಾಡಿತು. ಜಪಾನಿನದೇ ಇನ್ನೊಂದು ಫರ್ನಿಚರ್ ಕಂಪನಿ ಕರಿಮೊಕು 2009ರಲ್ಲಿ ಕರಿಮೊಕು ನ್ಯೂ ಸ್ಟ್ಯಾಂಡರ್ಡ್ ಅಂತ ಶುರು ಮಾಡಿ, ಕಾಗದದ ಕಾರ್ಖಾನೆಗೆ ಹೋಗಬೇಕಿದ್ದ ತೆಳ್ಳನೆಯ ಮರಗಳನ್ನು ಫರ್ನಿಚರಿಗೆ ಬಳಸಿತು. ಹತ್ತು ವರ್ಷದ ಮೇಲೆ ಅದೇ ಕರಿಮೊಕು ಕೋಪನ್‌ಹೇಗನ್ನಿನ ನಾರ್ಮ್ ಆರ್ಕಿಟೆಕ್ಟ್ಸ್ ಅನ್ನುವ ವಿನ್ಯಾಸ ಸಂಸ್ಥೆಯ ಜೊತೆ ಸೇರಿ ಕೆಲಸ ಮಾಡತೊಡಗಿತು. ಜಪಾನ್ ಮತ್ತು ಡೆನ್ಮಾರ್ಕ್ ನಿಜವಾಗಿ ಒಂದೇ ಮೇಜಿಗೆ ಕೂತದ್ದು ಅಲ್ಲಿ.

[ದೃಶ್ಯ: ಕಾಗದದ ಹುರಿ ನೇಯುತ್ತಿರುವ ಕೈಗಳು, ತೀರಾ ಹತ್ತಿರದಿಂದ.]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ವಿಶ್‌ಬೋನ್ ಕುರ್ಚಿ. ಜಪಾನಿನಲ್ಲಿ ಇದನ್ನು ವೈ ಚೇರ್ ಅಂತಾರೆ, ಅಲ್ಲಿ ಇದಕ್ಕೆ ಅಭಿಮಾನಿಗಳು ಬಹಳ. ಇದರ ಕೂರುವ ಜಾಗ ನೇಯ್ದಿರುವುದು ಕಾಗದದಿಂದ. ಹೌದು, ಕಾಗದ. ಹೊಸೆದು ಹುರಿ ಮಾಡಿದ್ದು. ಒಂದು ಕುರ್ಚಿಗೆ ಸುಮಾರು 120 ಮೀಟರ್ ಬೇಕು. ಮೂಲೆಯಿಂದ ಶುರು ಮಾಡಿ, ಒಂದು ಪಟ್ಟಿಯ ಮೇಲೆ ಹಾಯಿಸಿ, ಅಡಿಯಿಂದ ತಂದು, ಪಕ್ಕದ ಪಟ್ಟಿಗೆ ಸುತ್ತಿ, ಪ್ರತಿ ಸುತ್ತಿಗೂ ಎಳೆದು ಬಿಗಿ ಮಾಡುತ್ತಾರೆ. ನಾಲ್ಕೂ ಮೂಲೆಯಿಂದ ಗೆರೆಗಳು ನಡುವಿಗೆ ಬಂದು ಸೇರುತ್ತವೆ.

ವರ್ಷಗಟ್ಟಲೆ ಕೂತು ಕೂತು ಹುರಿ ಸಡಿಲವಾದರೆ? ಕತ್ತರಿಸಿ ತೆಗೆದು ಹೊಸದಾಗಿ ನೇಯಿಸಬಹುದು. ಮರದ ಚೌಕಟ್ಟಿಗೆ ಏನೂ ಆಗುವುದಿಲ್ಲ. ನಮ್ಮ ಕಡೆಯ ಬೆತ್ತದ ಕುರ್ಚಿಯೂ ಹೀಗೇ ತಾನೇ? ಬೆತ್ತ ಹರಿದರೆ ಹೆಣೆಯುವವರನ್ನು ಕರೆಸುತ್ತಿದ್ದರು, ಕುರ್ಚಿ ಎಸೆಯುತ್ತಿರಲಿಲ್ಲ.

ಬೆಲೆ ಮಾತ್ರ ತುಂಬಾ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್ ನೋಡಿ ಅಂತೀನಿ. ಕಡಿಮೆ ಕೊಳ್ಳಿ. ಆರು ಕುರ್ಚಿಯ ಬದಲು ಎರಡು ಬಂದರೂ ಸಾಕು, ಈ ಶೈಲಿಗೆ ಖಾಲಿ ಜಾಗವೇ ಚೆಂದ.

[ದೃಶ್ಯ: ಸ್ಪಂಜಿನಿಂದ ತಿಳಿ ಮರದ ಮೇಜು ಒರೆಸುತ್ತಿರುವುದು.]

ಮೇಲಿನ ಲೇಪನ ಏನು ಅಂತಲೂ ಕೇಳಿ. ಗಾಜಿನಂತೆ ಹೊಳೆಯುವ ಲ್ಯಾಕರ್‌ಗೆ ಗೀರು ಬಿದ್ದರೆ ಅಷ್ಟೇ ಜಾಗ ಸರಿ ಮಾಡುವುದು ಕಷ್ಟ. ಎಣ್ಣೆ ಅಥವಾ ಸೋಪಿನ ಲೇಪನ ಹಾಗಲ್ಲ. ಡೆನ್ಮಾರ್ಕಿನಲ್ಲಿ ಸೋಪಿನ ಚೂರನ್ನು ಬಿಸಿ ನೀರಿನಲ್ಲಿ ಕರಗಿಸಿ ಮರಕ್ಕೆ ಹಚ್ಚುವ ರೂಢಿ ಇದೆ. ಕಾಫಿ ಕಲೆಯಾದರೆ ನುಣುಪಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ ಮತ್ತೆ ಹಚ್ಚಿದರಾಯಿತು. ಮನೆಯವರೇ ಮಾಡಿಕೊಳ್ಳುವ ಕೆಲಸ.

ಪ್ಲೈವುಡ್, ಇಲ್ಲವೇ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ತಗೊಳ್ಳಲೇಬೇಕಾದರೆ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕರ ಅನಿಲದ ಬಗ್ಗೆ ವಿಚಾರಿಸಿ. ಜಪಾನಿನಲ್ಲಿ ಇದಕ್ಕೆ ನಕ್ಷತ್ರದ ಗುರುತು ಇದೆ, ನಾಲ್ಕು ನಕ್ಷತ್ರ ಇದ್ದರೆ ಅತಿ ಕಡಿಮೆ ಹೊರಸೂಸುತ್ತದೆ ಅಂತ. ಮರಕ್ಕೆ ಎಫ್‌ಎಸ್‌ಸಿ ಗುರುತು ನೋಡಿ, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡಿದ್ದಾರೆ ಅನ್ನುವ ಪ್ರಮಾಣಪತ್ರ ಅದು. ಅದರಲ್ಲೂ ‘100%’ ಅಂದರೆ ಎಲ್ಲ ಮರವೂ ಅಂಥ ಕಾಡಿನದು, ‘ಮಿಕ್ಸ್’ ಅಂದರೆ ಬೇರೆ ಮೂಲದ್ದೂ ಬೆರೆತಿರಬಹುದು, ಓದಿಕೊಳ್ಳಿ.

[ದೃಶ್ಯ: ಕಾಫಿ ತೋಟದ ಸಿಲ್ವರ್ ಓಕ್ ಸಾಲು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ.]

ಕೊನೆಗೆ, ಬೆಂಗಳೂರಿನ ಫ್ಲ್ಯಾಟಿಗೆ ಈ ಶೈಲಿ ಬೇಕು ಅನ್ನುವವರಿಗೆ ಒಂದು ಮಾತು. ಓಕ್ ಮರವೇ ಬೇಕು ಅಂತ ಹಡಗಿನಲ್ಲಿ ತರಿಸಬೇಡಿ. ಫಿನ್ಲೆಂಡಿನವರು ಬರ್ಚ್ ಆರಿಸಿಕೊಂಡದ್ದು ಅದು ಮನೆ ಹಿಂದೆಯೇ ಇತ್ತು ಅಂತ. ನಮ್ಮಲ್ಲಿ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇದೆ. ಹೆಸರಷ್ಟೇ ಓಕ್, ಮರ ಬೇರೆ, ಬಣ್ಣ ತಿಳಿ. ವೀಣೆಗೆ ಬಳಸುವ ಹಲಸು ಇದೆ, ಮೊದಲು ಹಳದಿ, ವರ್ಷ ಕಳೆದಂತೆ ಕಂದು. ಕೆಡವಿದ ಹಳೆ ಮನೆಗಳ ತೇಗದ ತೊಲೆ, ಬಾಗಿಲು ಮಾರುವವರೂ ಇದ್ದಾರೆ. ಬಡಗಿಯ ಹತ್ತಿರ ಮೊದಲೇ ಹೇಳಿ: ಮರ ಚೆನ್ನಾಗಿ ಒಣಗಿರಬೇಕು, ಮೊಳೆ ಕಡಿಮೆ ಇರಲಿ, ಸೀಟು ಬಿಚ್ಚುವ ಹಾಗಿರಲಿ.

[ದೃಶ್ಯ: ಬಡಗಿ ಕುರ್ಚಿಯನ್ನು ಮಗುಚಿ, ಜೋಡಣೆಯ ಮೇಲೆ ಹೆಬ್ಬೆರಳು ಓಡಿಸುತ್ತಾರೆ. ಹಾಗೇ ದೃಶ್ಯ ಮಸುಕಾಗುತ್ತದೆ.]