ಅಡಿಕೆ ಸುಲಿಯುತ್ತ ಇಂಗ್ಲಿಷ್ ಪದ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಮಲೆನಾಡಿನಲ್ಲಿ ಈಗ ಅಡಿಕೆ ಕೊಯ್ಲಿನ ಹೊತ್ತು. ಸಂಜೆಯಾದರೆ ಮನೆಯವರೆಲ್ಲ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಅಲ್ಲೇ ಒಂದು ಮೂಲೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗು ಪುಸ್ತಕ ಹಿಡಿದು ಕೂತಿರುತ್ತದೆ. ಆ ಮಗುವಿನ ಇಂಗ್ಲಿಷ್ ಪದಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಆದರೆ ಮಾತು ಮಗುವಿನ ಜೊತೆಗಲ್ಲ, ಅಡಿಕೆ ಸುಲಿಯುತ್ತಿರುವ ನಿಮ್ಮ ಜೊತೆಗೆ.

ಹೊಸನಗರ ಸೀಮೆಯ ಹೈಸ್ಕೂಲಿನಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಅಂಕಪಟ್ಟಿಯಲ್ಲಿ ದ್ವಿತೀಯ ಭಾಷೆ, 100 ಅಂಕದ್ದು. ಬದುಕಿನಲ್ಲಿ ಅದು ಪರಭಾಷೆಯೇ. ಶಾಲೆಯ ಗೇಟು ದಾಟಿದರೆ ಅದನ್ನು ಆಡುವವರೂ ಇಲ್ಲ, ಕೇಳುವವರೂ ಇಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದೆ. ದಿನಕ್ಕೆ ಇಪ್ಪತ್ತು ಪದ ಬೋರ್ಡಿನ ಮೇಲೆ ಬರೆದು, ಒಂದೊಂದನ್ನೂ ಹತ್ತು ಸಲ ಬರೆದು ತನ್ನಿ ಅನ್ನುತ್ತಿದ್ದೆ. ಮಕ್ಕಳು ಪಾಪ, ಮುದ್ದಾಗಿ ಬರೆದು ತರುತ್ತಿದ್ದರು. ವಾರ ಬಿಟ್ಟು ಕೇಳಿದರೆ ಮುಖ ಮುಖ ನೋಡುತ್ತಿದ್ದರು. ಓದಿಲ್ಲ ಅಂತ ಬೈದೆ. ಆ ಬೈಗುಳ ನೆನೆದರೆ ಈಗಲೂ ಬೇಜಾರಾಗುತ್ತದೆ. ಅವರು ಓದಿದ್ದರು. ನಾನು ಓದಿಸಿದ ಕ್ರಮ ಸರಿ ಇರಲಿಲ್ಲ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವವರು ಮರೆವಿನ ಲೆಕ್ಕ ಹಾಕಿ 1885ರಲ್ಲೇ ಪ್ರಕಟಿಸಿದ್ದರು. ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದರು. ಒಂದು ದಿನ ಕಳೆಯುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಜಾರಿಹೋಗಿತ್ತು. ದೊಡ್ಡ ವಿದ್ವಾಂಸರಿಗೇ ಹೀಗಾದರೆ ನಮ್ಮ ಮಗುವನ್ನು ಸೋಮಾರಿ ಅನ್ನುವುದು ಹೇಗೆ?

ಜಾರದ ಹಾಗೆ ಹಿಡಿಯುವ ದಾರಿಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಪಿಕ್ ಮತ್ತು ರೋಡಿಗರ್ ಅಲ್ಲಿನ ಕಾಲೇಜು ಹುಡುಗರಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದ ಕಲಿಸಿ ನೋಡಿ, 2008ರಲ್ಲಿ ಪ್ರಕಟಿಸಿದರು. ನಮಗೆ ಇಂಗ್ಲಿಷ್ ಹೇಗೋ ಅವರಿಗೆ ಸ್ವಾಹಿಲಿ ಹಾಗೆ. ಒಂದು ಗುಂಪಿನವರಿಗೆ, ಪದ ಬಂದ ಮೇಲೂ, ಅದರ ಅರ್ಥವನ್ನು ಮತ್ತೆ ಮತ್ತೆ ಕೇಳಿದರು. ಇನ್ನೊಂದು ಗುಂಪಿನವರು ಬಂದ ಪದಗಳನ್ನು ಸುಮ್ನೆ ಓದುತ್ತ ಹೋದರು, ಅವರನ್ನು ಯಾರೂ ಕೇಳಲಿಲ್ಲ. ವಾರದ ಮೇಲೆ ನೋಡಿದರೆ ಮೊದಲಿನವರಿಗೆ ನೂರಕ್ಕೆ ಸುಮಾರು 80 ನೆನಪಿತ್ತು. ಎರಡನೆಯವರಿಗೆ 35ರ ಆಸುಪಾಸು.

ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಎಳೆದು ತಂದಾಗ ಪದ ಗಟ್ಟಿಯಾಗುತ್ತದೆ. ಅದಕ್ಕೆ ಕೇಳುವವರೊಬ್ಬರು ಬೇಕು. ಮನೆಯಲ್ಲಿ ನೀವಿದ್ದೀರಿ ಅಲ್ವಾ?

"ನಮಗೆ ಇಂಗ್ಲಿಷ್ ಬರಲ್ಲ ಮೇಷ್ಟ್ರೇ" ಅಂತ ಎಷ್ಟೋ ತಾಯಂದಿರು ನನಗೆ ಹೇಳಿದ್ದಾರೆ. ಬರಬೇಕಾಗಿಲ್ಲ ಅಮ್ಮ. ಡ್ರಾಯಿಂಗ್ ಶೀಟನ್ನು ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿ ಚೀಟಿ ಮಾಡಿಸಿ. ಒಂದು ಬದಿಗೆ ಕನ್ನಡದ ಅರ್ಥ, ಅದರ ಕೆಳಗೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಪದದ ಉಚ್ಚಾರ ಕನ್ನಡ ಅಕ್ಷರದಲ್ಲಿ. ಇನ್ನೊಂದು ಬದಿಗೆ ಇಂಗ್ಲಿಷ್ ಪದ, ಜೊತೆಗೆ ಒಂದು ವಾಕ್ಯ. ನೀವು "ಅಗತ್ಯವಾದ" ಅಂತ ಓದುತ್ತೀರಿ. ಮಗು "ನೆಸೆಸರಿ" ಅಂದು, ಸ್ಪೆಲಿಂಗ್ ಬರೆಯುತ್ತದೆ. ಚೀಟಿ ತಿರುಗಿಸಿ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಆ ಪದದಲ್ಲಿ ಸಿ ಒಂದೇ, ಎಸ್ ಎರಡು. ಪರೀಕ್ಷೆಯಲ್ಲಿ ಬಹಳ ಮಕ್ಕಳು ಎಡವುವುದು ಅಲ್ಲೇ. ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳಬಾರದು ಅನ್ನುವ ಮೇಷ್ಟ್ರುಗಳಿದ್ದಾರೆ. ಅದು ಅಮ್ಮನಿಗೋಸ್ಕರ ಬರೆದದ್ದು, ಇರಲಿ ಬಿಡಿ.

ಚೀಟಿಗಳಿಗೆ ಮೂರು ಡಬ್ಬಿ ಇಡಿ. ಹೊಸ ಪದ ಮೊದಲ ಡಬ್ಬಿಗೆ, ಅದನ್ನು ದಿನಾ ಕೇಳಬೇಕು. ಸರಿ ಹೇಳಿದರೆ ಎರಡನೆಯದಕ್ಕೆ, ಅದನ್ನು ಮೂರು ದಿನಕ್ಕೊಮ್ಮೆ. ಆಮೇಲೆ ಮೂರನೆಯದಕ್ಕೆ, ಅದು ವಾರಕ್ಕೊಮ್ಮೆ. ತಪ್ಪಿದ ಚೀಟಿ ಯಾವ ಡಬ್ಬಿಯದ್ದಾದರೂ ಮತ್ತೆ ಮೊದಲನೆಯದಕ್ಕೇ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಉಪಾಯ ಇದು. ಅವರ ಪೆಟ್ಟಿಗೆಗೆ ಐದು ಖಾನೆ, ನಮಗೆ ಮೂರು ಸಾಕು. ಹೊಸ ಪದವೂ ದಿನಕ್ಕೆ ಎಂಟು ಸಾಕು. ಜಾಸ್ತಿ ತುಂಬಬೇಡಿ.

ಚೀಟಿಯಲ್ಲಿ ವಾಕ್ಯ ಯಾಕೆ ಬೇಕು ಅಂದರೆ, ಒಂಟಿ ಪದ ಮೋಸ ಮಾಡುತ್ತದೆ. ಮಳೆಯ ಬಗ್ಗೆ ಬರೆಯಿರಿ ಅಂದರೆ ನಮ್ಮ ಹುಡುಗರು "ಬಿಗ್ ರೇನ್" ಅಂತ ಬರೆಯುತ್ತಿದ್ದರು. ನಾವು ದೊಡ್ಡ ಮಳೆ ಅಂತೀವಿ, ಇಂಗ್ಲಿಷಿನವರು "ಹೆವಿ ರೇನ್" ಅನ್ನುತ್ತಾರೆ. ಜೋಡಿಯಾಗಿಯೇ ಕಲಿಯಬೇಕು. ಸಾಲ ತಗೊಂಡರೆ "ಬಾರೋ", ಸಾಲ ಕೊಟ್ಟರೆ "ಲೆಂಡ್". ಪಕ್ಕದ ಮನೆಯಿಂದ ಏಣಿ ತಂದದ್ದನ್ನು ವಾಕ್ಯ ಮಾಡಿಸಿ, ಆಮೇಲೆ ಅದಲುಬದಲಾಗುವುದಿಲ್ಲ.

ನಮ್ಮೂರ ಹತ್ತಿರದ ಒಂದು ಮನೆಯ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಚೀಟಿಯೂ ಅವರಿಗೆ ಉಪಯೋಗವಿಲ್ಲ. ಅವರು ಸುಲಿಯುತ್ತ ಕೂತಲ್ಲೇ ಮೊಮ್ಮಗಳಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತೋರಿಸಿ ಕೇಳುತ್ತಿದ್ದರು. "ಸುಲಿಯೋದಕ್ಕೆ ಏನಂತಾರೆ?" "ಪೀಲ್, ಅಜ್ಜಿ." "ಅಡಿಕೆಗೆ?" "ಅರೆಕಾನಟ್." ಈ "ಅರೆಕಾ" ಮಲಯಾಳಂನ ಅಡಕ್ಕ ಅನ್ನುವ ಮಾತು ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದದ್ದು. ನಮ್ಮ ಅಡಿಕೆಗೆ ದಾಯಾದಿ. ಇದನ್ನು ಹೇಳಿದ ದಿನ ಇಡೀ ಕ್ಲಾಸೇ ಕಣ್ಣರಳಿಸಿತ್ತು.

ಒಂದು ರಾತ್ರಿ ಅಜ್ಜಿ "ಸಿಪ್ಪೆಗೆ?" ಅಂದರಂತೆ. ಹುಡುಗಿಗೆ ಬರಲಿಲ್ಲ. ಬೆಳಗ್ಗೆ ಪ್ರಾರ್ಥನೆಗೂ ಮೊದಲೇ ನನ್ನ ಹತ್ತಿರ ಓಡಿ ಬಂದಳು. "ಹಸ್ಕ್" ಅಂತ ಹೇಳಿಕೊಟ್ಟೆ. ಅದೇ ವಾರ ತೋಟದ ದಾರಿಯಲ್ಲಿ ಅಜ್ಜಿ ಸಿಕ್ಕರು. ಕಂಬಳಿ ಸರಿಮಾಡಿಕೊಂಡು ನಿಂತು ಕೇಳಿದರು, "ಹಸ್ಕ್ ಅಂತಲ್ವಾ ಮೇಷ್ಟ್ರೇ?"

ನಮಸ್ಕಾರ.