ಗೋಡೆಯೊಳಗಿನ ವೈರಿಗೂ ಒಂದು ದಾರಿ ಬೇಕು

ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಹೊಸದು ಮಾಡಿಸುವವರು, ಬಾತ್‌ರೂಮ್ ಒಡೆಸುವವರು, ಹಳೇ ಮನೆಯ ವೈರಿಂಗ್ ಬದಲಿಸುವವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಸಂಘದವರು ಹೇಳಿದರು. ಯಾವ ಕಂಪನಿಯ ವೈರು ಒಳ್ಳೆಯದು ಅನ್ನುವ ಮಾತಿಗೆ ನಾನು ಹೋಗುವುದಿಲ್ಲ. ಐಎಸ್‌ಐ ಗುರುತು ನೋಡಿ ತಗೊಳ್ಳಿ. ಆ ವೈರು ಗೋಡೆಯೊಳಗೆ ಎಲ್ಲಿಂದ ಎಲ್ಲಿಗೆ, ಹೇಗೆ ಹೋಗಬೇಕು ಅನ್ನುವುದಷ್ಟೇ ಇವತ್ತಿನ ವಿಷಯ.

ಮೊದಲೆಲ್ಲ ಮರದ ರೀಪಿನ ಮೇಲೆ ಕ್ಲಿಪ್ಪು ಹೊಡೆದು ವೈರು ಎಳೆಯುತ್ತಿದ್ದರು. ನೋಡುವುದಕ್ಕೆ ಅಂದವಲ್ಲ. ಆದರೆ ಮೊಳೆ ಹೊಡೆಯುವವನಿಗೆ ವೈರು ಕಣ್ಣೆದುರೇ ಇರುತ್ತಿತ್ತು. ಈಗ ಎಲ್ಲವೂ ಕನ್ಸೀಲ್ಡ್. ಗೋಡೆ ಕೊರೆದು, ಪಿವಿಸಿ ಪೈಪು ಕೂರಿಸಿ, ಗಾರೆ ಮುಚ್ಚಿ, ಪುಟ್ಟಿ ಎಳೆದು, ಬಣ್ಣ ಹೊಡೆದ ಮೇಲೆ ಹೊರಗೆ ಉಳಿಯುವುದು ಸ್ವಿಚ್ ಬೋರ್ಡ್ ಮಾತ್ರ. ಒಳಗಿನ ವೈರಿನ ಸುಳಿವು ಕೊಡುವುದು ಅದೊಂದೇ. ಹತ್ತು ವರ್ಷ ಬಿಟ್ಟು ಟಿವಿ ಕೂರಿಸಲು ಬರುವ ಹುಡುಗನಿಗೆ ನಿಮ್ಮ ಎಲೆಕ್ಟ್ರಿಷಿಯನ್ ಯಾರೋ ಏನೋ. ಅವನು ಬೋರ್ಡ್ ನೋಡಿ ಅಂದಾಜು ಮಾಡುತ್ತಾನೆ. ಆ ಅಂದಾಜು ಸುಳ್ಳಾಗದ ಹಾಗೆ ಪೈಪು ಹಾಕಿಸುವುದು ನಮ್ಮ ಕೆಲಸ.

ಹಾಗಾಗಿ ಬೋರ್ಡಿನಿಂದ ಪೈಪು ನೇರ ಮೇಲಕ್ಕೆ ಹೋಗಬೇಕು, ಇಲ್ಲ ನೇರ ಕೆಳಕ್ಕೆ, ಇಲ್ಲ ನೇರ ಪಕ್ಕಕ್ಕೆ. ಓರೆಯಾಗಿ ಎಂದೂ ಬೇಡ. "ಸಾರ್, ಕ್ರಾಸ್ ಹೊಡೆದ್ರೆ ಎರಡಡಿ ಪೈಪು ಉಳಿಯುತ್ತೆ" ಅಂತ ಎಲೆಕ್ಟ್ರಿಷಿಯನ್ ಹೇಳುತ್ತಾನೆ. ಉಳಿಯುತ್ತೆ, ನಿಜ. ಉಳಿದ ದುಡ್ಡಲ್ಲಿ ಎರಡು ಕಾಫಿ ಕುಡಿಯಬಹುದು. ಆಮೇಲೆ ಆ ಗೋಡೆಯಲ್ಲಿ ಎಲ್ಲಿ ಡ್ರಿಲ್ ಹಾಕಿದರೂ ಭಯ.

ಬ್ರಿಟನ್ನಿನಲ್ಲಿ ಇದನ್ನು ವೈರಿಂಗ್ ನಿಯಮದಲ್ಲೇ ಬರೆದಿಟ್ಟಿದ್ದಾರೆ. ವೈರು ಗೋಡೆಯ ಮೇಲ್ಮೈಯಿಂದ 50 ಮಿಲಿಮೀಟರ್‌ಗಿಂತ ಕಡಿಮೆ ಆಳದಲ್ಲಿದ್ದರೆ ಅದು ಗೋಡೆಯ ಮೇಲೆ ಗೊತ್ತುಪಡಿಸಿದ ಪಟ್ಟೆಯಂಥ ಜಾಗದೊಳಗೇ ಹೋಗಬೇಕು. ಒಂದು, ಸ್ವಿಚ್ಚು ಅಥವಾ ಪ್ಲಗ್ಗಿನ ನೇರಕ್ಕೆ. ಇನ್ನೊಂದು, ಗೋಡೆಯ ತುದಿಯಲ್ಲಿ ಸೀಲಿಂಗಿಗೆ ತಾಗಿದ 150 ಮಿಲಿಮೀಟರ್. ಮತ್ತೊಂದು, ಎರಡು ಗೋಡೆ ಸೇರುವ ಮೂಲೆಯಲ್ಲಿ ಅಷ್ಟೇ ಅಗಲ. ಈ ಜಾಗ ಬಿಟ್ಟು ಹೋಗುವುದಾದರೆ ಅರ್ತ್ ಮಾಡಿದ ಲೋಹದ ಪೈಪಿನಂಥ ರಕ್ಷಣೆ ಕೊಡಬೇಕು. ನಾವೂ ಈ ಅಳತೆ ಇಟ್ಟುಕೊಂಡರೆ ನಷ್ಟವೇನಿಲ್ಲ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಗೋಡೆ 100 ಮಿಲಿಮೀಟರೋ ಅದಕ್ಕಿಂತ ತೆಳುವೋ ಆಗಿದ್ದು, ಸ್ವಿಚ್ಚಿನ ಜಾಗ ಆಚೆ ಕಡೆಯಿಂದಲೂ ಗೊತ್ತಾಗುವಂತಿದ್ದರೆ, ಈ ಪಟ್ಟೆ ಆಚೆ ಬದಿಗೂ ಅನ್ವಯಿಸುತ್ತದೆ. ನಮ್ಮ ನಾಲ್ಕಿಂಚಿನ ಬ್ಲಾಕ್ ಗೋಡೆ ಸರಿಯಾಗಿ ಅಷ್ಟೇ ದಪ್ಪ, ಅಲ್ವಾ? ಹಾಲಿನಲ್ಲಿ ಮೊಳೆ ಹೊಡೆಯುವ ಮುಂಚೆ ಹಿಂದಿನ ಬೆಡ್‌ರೂಮಿನಲ್ಲಿ ಬೋರ್ಡ್ ಎಲ್ಲಿದೆ ಅಂತಲೂ ನೋಡಿ ಬನ್ನಿ.

ಈ ನಾಲ್ಕಿಂಚಿನ ಗೋಡೆ ಇನ್ನೊಂದು ಕಾರಣಕ್ಕೂ ತಲೆನೋವು. ನಿಂತ ಗೆರೆಯಲ್ಲಿ ಕೊರೆದರೆ ಆಳವು ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು, ಅಡ್ಡ ಕೊರೆದರೆ ಆರನೇ ಒಂದು ಭಾಗ ಮೀರಬಾರದು. ಇದೂ ಬ್ರಿಟನ್ನಿನ ಕಟ್ಟಡ ನಿಯಮದ ಲೆಕ್ಕ. 100 ಮಿಲಿಮೀಟರ್ ಗೋಡೆಯಲ್ಲಿ ಆರನೇ ಒಂದು ಅಂದರೆ ಸುಮಾರು 17. ನಮ್ಮ ಪೈಪಿನ ಹೊರ ಅಳತೆಯೇ 20 ಅಥವಾ 25. ಅಂದರೆ ನಾಲ್ಕಿಂಚಿನ ಗೋಡೆಯಲ್ಲಿ ಪೈಪನ್ನು ಅಡ್ಡ ಕೂರಿಸುವ ಹಾಗೇ ಇಲ್ಲ! ಮೇಲಿಂದ ಇಳಿಸಿ, ಮತ್ತೊಂದು ಬೋರ್ಡಿಗೆ ಮತ್ತೊಂದು ಪೈಪು ಇಳಿಸಿ. ಗೋಡೆಯ ಎರಡೂ ಬದಿಗೆ ಬೆನ್ನಿಗೆ ಬೆನ್ನು ಕೊಟ್ಟು ಬಾಕ್ಸ್ ಕೂರಿಸುವುದೂ ಬೇಡ. ಮಧ್ಯೆ ಗೋಡೆಯೇ ಉಳಿಯುವುದಿಲ್ಲ. ಬೀಮು, ಕಾಲಮ್ಮಿಗಂತೂ ಕಟರ್ ತಾಗಿಸಲೇಬಾರದು.

ಈಗ ರಿಪೇರಿ ಕೆಲಸಕ್ಕೇ ಸೇರಿದ ಒಂದು ಅಪಾಯ. ಮಾಡ್ಯುಲರ್ ಕಿಚನ್ ಬರುತ್ತದೆ. ಹಳೇ ಪ್ಲಗ್ ಪಾಯಿಂಟ್ ಕ್ಯಾಬಿನೆಟ್ಟಿಗೆ ಅಡ್ಡ ಬರುತ್ತದೆ. ಮೇಸ್ತ್ರಿ ಏನು ಮಾಡುತ್ತಾನೆ? ಪ್ಲಗ್ ಬಿಚ್ಚಿ, ವೈರಿನ ತುದಿಗೆ ಟೇಪು ಸುತ್ತಿ, ಬಾಕ್ಸಿನೊಳಗೆ ತುರುಕಿ, ಮೇಲೆ ಸಿಮೆಂಟ್ ಮುಚ್ಚುತ್ತಾನೆ. ವೈರಿನಲ್ಲಿ ಕರೆಂಟ್ ಇದ್ದೇ ಇದೆ. ಸುಳಿವು ಮಾತ್ರ ಅಳಿಸಿಹೋಯಿತು. ಮಾರನೇ ದಿನ ಕಾರ್ಪೆಂಟರ್ ಅದೇ ಜಾಗಕ್ಕೆ ಸ್ಕ್ರೂ ಹಾಕುತ್ತಾನೆ. ಪೂರ್ತಿ ಮನೆಯಲ್ಲಿ ನನಗೆ ಹೆಚ್ಚು ಹೆದರಿಕೆ ಇಂಥ ಮುಚ್ಚಿದ ಬಾಕ್ಸ್ ಕಂಡರೆ. ಪಾಯಿಂಟ್ ಬೇಡವಾದರೆ ಅದಕ್ಕೆ ಕರೆಂಟ್ ಬರುವ ಹಿಂದಿನ ಬಾಕ್ಸಿನಿಂದಲೇ ಬಿಡಿಸಿ ವೈರು ಹೊರಗೆ ಎಳೆಸಿ. ಎಳೆಯಲು ಬಾರದಿದ್ದರೆ ಬಾಕ್ಸಿಗೆ ಖಾಲಿ ಪ್ಲೇಟ್ ಹಾಕಿ ಕಣ್ಣಿಗೆ ಕಾಣುವಂತೆ ಬಿಡಿ. ಅಂದ ಕೆಡುತ್ತದೆ ಅಂದರೆ ಕೆಡಲಿ.

ಮೊಳೆ ವೈರಿಗೆ ತಾಗಿದರೆ ಢಂ ಅಂತ ಸದ್ದಾಗಿ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಬೀಳುತ್ತದೆ ಅಂತ ನೀವು ಅಂದುಕೊಂಡಿರಬಹುದು. ಕರೆಂಟ್ ತರುವ ಫೇಸೂ ಅದನ್ನು ವಾಪಸ್ ಒಯ್ಯುವ ನ್ಯೂಟ್ರಲೂ ಒಟ್ಟಿಗೆ ತಾಗಿದರೆ ಹಾಗಾಗುತ್ತದೆ. ಬರೀ ಫೇಸಿಗೆ ತಾಗಿದರೆ ಏನೂ ಆಗದೆಯೂ ಇರಬಹುದು. ಪಿವಿಸಿ ಪೈಪು, ಒಣ ಗೋಡೆ, ಕರೆಂಟ್ ಹರಿಯಲು ದಾರಿಯೇ ಇಲ್ಲ. ಮೊಳೆಗೆ 230 ವೋಲ್ಟ್ ಬಂದು ಸುಮ್ನೆ ಕೂತಿರುತ್ತದೆ. ಕರ್ಟನ್ ರಾಡ್ ಆದರೆ ರಾಡ್ ಪೂರ್ತಿ. ಯಾರೋ ಬರಿಗಾಲಲ್ಲಿ ನಿಂತು ಒದ್ದೆ ಕೈಯಲ್ಲಿ ಮುಟ್ಟಿದಾಗ ದಾರಿ ಸಿಗುತ್ತದೆ. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಜೀವ ತೆಗೆಯುವ ಕರೆಂಟ್ ಅದರ ಲೆಕ್ಕಕ್ಕೆ ತೀರಾ ಚಿಕ್ಕದು. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅನ್ನುವ ರಕ್ಷಣಾ ಸ್ವಿಚ್ಚು ಬೇಕು. ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. ಸೋರಿಕೆ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತದೆ. ಎರಡು ಕೈಯಲ್ಲಿ ಫೇಸೂ ನ್ಯೂಟ್ರಲೂ ಹಿಡಿದರೆ ಮಾತ್ರ ಅದೂ ಕಾಪಾಡದು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ.

ಹಳೇ ಮನೆಗೆ ಹೊಸದಾಗಿ ಆರ್‌ಸಿಸಿಬಿ ಹಾಕಿಸಿದ ತಕ್ಷಣ ಅದು ಬೀಳುತ್ತಲೇ ಇದ್ದರೆ, "ಪೀಸ್ ಸರಿ ಇಲ್ಲ ಸಾರ್" ಅಂತ ಅದನ್ನು ಬಿಚ್ಚಿಹಾಕುವುದು ರೂಢಿಯಾಗಿದೆ. ಬಹಳ ಸಲ ಒಂದು ರೂಮಿನ ನ್ಯೂಟ್ರಲನ್ನು ಇನ್ನೊಂದು ರೂಮಿನ ಲೈನಿಗೆ ಸೇರಿಸಿರುತ್ತಾರೆ, ಹೋದ ಕರೆಂಟ್ ಆ ಆರ್‌ಸಿಸಿಬಿಯ ಮೂಲಕ ವಾಪಸ್ ಬರುವುದಿಲ್ಲ. ಇಲ್ಲವೇ ನಿಜವಾಗಿಯೂ ಸೋರಿಕೆ ಇರುತ್ತದೆ. ತಪ್ಪು ಹುಡುಕಿಸಿ, ರಕ್ಷಣೆ ತೆಗೆಸಬೇಡಿ.

ಸೀಲಿಂಗಿಗೆ ಮಾತ್ರ ನಾನು ಹೇಳಿದ ನೇರ ಗೆರೆಯ ಲೆಕ್ಕ ನಡೆಯುವುದಿಲ್ಲ. ನಮ್ಮಲ್ಲಿ ಮೋಲ್ಡ್ ಹಾಕುವ ಮುಂಚೆಯೇ ಕಂಬಿಯ ನಡುವೆ ಪೈಪು ಬಿಡುತ್ತಾರೆ. ಫ್ಯಾನ್ ಬಾಕ್ಸಿನಿಂದ ಗೋಡೆಗೆ ಹತ್ತಿರದ ದಾರಿ ಅಂದರೆ ಓರೆಯೇ. ಫಾಲ್ಸ್ ಸೀಲಿಂಗಿಗೆ ತೂತು ಹಾಕುವಾಗ ಡಿಬಿಯಲ್ಲಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ, ಆ ಮಹಡಿಯ ಮೇನ್ ಆಫ್ ಮಾಡಿಸಿ, ಡ್ರಿಲ್ಲಿಗೆ ಬೇರೆ ಲೈನು ಕೊಡಿ. ಟೆರೇಸ್ ಸೋರಿದರೆ ಇದೇ ಪೈಪಿನಲ್ಲಿ ನೀರು ಇಳಿದು ಸ್ವಿಚ್ ಬೋರ್ಡಿಗೆ ಬರುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಬೋರ್ಡ್ ಒರೆಸುತ್ತಾ ಕೂರುವ ಬದಲು ಲೈನ್ ಆಫ್ ಮಾಡಿ, ಮೊದಲು ಟೆರೇಸ್ ಸರಿ ಮಾಡಿಸಿ.

ಗೋಡೆ ಕೊರೆದು ಪೈಪು ಕೂರಿಸಿದ ದಿನ, ಗಾರೆಗೆ ಮುಂಚೆ, ಪ್ರತಿ ಗೋಡೆಯ ಫೋಟೋ ತೆಗೆಯಿರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಗೊತ್ತಾಗಲು ಟೇಪು ಹಿಡಿದೇ ತೆಗೆಯಿರಿ. ಒಂದು ಪ್ರತಿ ಮನೆಪತ್ರಗಳ ಜೊತೆ ಇಡಿ. ವೈರಿನ ಜಾಯಿಂಟ್ ಬಾಕ್ಸಿನಲ್ಲಿ ಮಾತ್ರ ಇರಲಿ, ಪೈಪಿನೊಳಗೆ ಬೇಡ. ಕೆಲಸವನ್ನು ಲೈಸೆನ್ಸ್ ಇರುವವರಿಗೇ ಕೊಡಿ.

ನನ್ನ ಮಾತು ಇಷ್ಟೇ. ಮನೆಯ ಪ್ಲಾನು, ಗೋಡೆ ಫೋಟೋ ತಂದವರು ಮುಂದೆ ಬನ್ನಿ, ಒಂದೊಂದಾಗಿ ನೋಡೋಣ.