ಕಬ್ಬಿಣದ ಮೈಯ ಹೆನ್ರಿ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ಹಳೆಯ ಮನೆಗಳ ಗೋಡೆಯ ಮೇಲೆ ಕೇಪಿನ ಕೋವಿ ತೂಗುತ್ತಿದ್ದುದನ್ನು ಕಂಡವರಿಗೆ, ಅದಕ್ಕೆ ಒಂದು ಈಡು ತುಂಬುವುದು ಎಷ್ಟು ತಾಳ್ಮೆಯ ಕೆಲಸ ಎಂಬುದು ಗೊತ್ತಿರುತ್ತದೆ. ನನ್ನ ಅಜ್ಜ ಆ ಕೆಲಸ ಮಾಡುವುದನ್ನು ನಾನು ಜಗಲಿಯ ಅಂಚಿನಲ್ಲಿ ಕುಳಿತು ನೋಡುತ್ತಿದ್ದೆ. ನಳಿಗೆಯ ಬಾಯಿಗೆ ಅಳತೆಯ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಇಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಮತ್ತೆ ಇಡಿದು, ಕೊನೆಗೆ ಕುದುರೆಯನ್ನು, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಪುಟ್ಟ ಸುತ್ತಿಗೆಯನ್ನು, ಹಿಂದಕ್ಕೆಳೆದು ಕಿಡಿ ಹೊತ್ತಿಸುವ ಕೇಪು ಕೂರಿಸುವ ಹೊತ್ತಿಗೆ ಗದ್ದೆಗೆ ನುಗ್ಗಿದ ಹಂದಿಗಳು ತಮ್ಮ ಪಾಡಿಗೆ ತಾವು ಕಾಡು ಸೇರಿರುತ್ತಿದ್ದವು. ಇರುವುದು ಒಂದೇ ಈಡು. ಅದು ತಪ್ಪಿದರೆ ಎಲ್ಲವೂ ಮೊದಲಿನಿಂದ.

ಆ ಕೋವಿಯ ನೆನಪು ಹೊತ್ತ ನಾನು, ಬಹಳ ವರ್ಷಗಳ ಮೇಲೆ, ಅಮೆರಿಕದ ಒಂದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಎದುರು ನಿಂತಿದ್ದೆ. ಒಳಗಿದ್ದದ್ದು ಹೆನ್ರಿ ರೈಫಲ್. ಅದೂ ಬಹುತೇಕ ಹೆನ್ರಿಗಳಂತೆ ಹಿತ್ತಾಳೆ ಬಣ್ಣದ ಮೈಯದಲ್ಲ, ಕಬ್ಬಿಣದ ಮೈಯದು. ಮೈ ಎಂದರೆ ಒಳಗಿನ ಯಂತ್ರವನ್ನು ಹೊತ್ತ ನಡುಭಾಗ. 1860ರ ದಶಕದಲ್ಲಿ ಒಟ್ಟು ಸುಮಾರು 14,000 ಹೆನ್ರಿಗಳು ತಯಾರಾದವು. ಅವುಗಳಲ್ಲಿ ಕಬ್ಬಿಣದ ಮೈಯವು ಆರಂಭದ ಕೆಲವೇ ನೂರು ಮಾತ್ರ. ಒಂದು ಗಂಟೆಯ ಕಾಲ ನಾನು ಅಲ್ಲಿಂದ ಕದಲಲಿಲ್ಲ. ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಒಂದು ಕೋವಿಯ ಬಗ್ಗೆ. ನಳಿಗೆ, ಮದ್ದು, ಗಜ, ಕೇಪು ಎಂದು ಹಲವು ಕೆಲಸಗಳಾಗಿ ಹಂಚಿಹೋಗಿದ್ದ ಒಂದು ವಿದ್ಯೆಯನ್ನು ಕೈಯ ಒಂದೇ ಚಲನೆಯೊಳಗೆ ಮಡಚಿಟ್ಟದ್ದು ಅದರ ಹೆಚ್ಚುಗಾರಿಕೆ ಎಂದು ನಾನು ನಂಬಿದ್ದೇನೆ.

ಮೊದಲು ಅದರ ರೂಪವನ್ನು ಹೇಳುತ್ತೇನೆ. ನಳಿಗೆ ದುಂಡಗಿಲ್ಲ, ಎಂಟು ಮುಖದ್ದು. ಉದ್ದ 24 ಅಂಗುಲ. ನಳಿಗೆಯ ಹೊಟ್ಟೆಗೆ ಅಂಟಿಕೊಂಡಂತೆ ತೋಟಾಗಳ ಕೊಳವೆ ಓಡುತ್ತದೆ. ಅಂಟಿಕೊಂಡಂತೆ ಎಂದು ನಾನು ಹೇಳಿದೆನಾದರೂ ಅದು ಅಂಟಿಸಿದ್ದಲ್ಲ, ಬೆಸೆದದ್ದೂ ಅಲ್ಲ: ನಳಿಗೆ ಮತ್ತು ಕೊಳವೆ ಎರಡನ್ನೂ ಲೋಹದ ಒಂದೇ ದಿಮ್ಮಿಯಿಂದ ಕಡೆದು ತೆಗೆದಿದ್ದಾರೆ. ಅಂದಿನ ಯಂತ್ರಗಳಲ್ಲಿ ಈ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದಿರಬೇಕು, ಎಷ್ಟು ದಿಮ್ಮಿಗಳು ಕೆಟ್ಟಿರಬೇಕು ಎಂದು ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡಿದವರು ಊಹಿಸಬಲ್ಲರು. ನಳಿಗೆಯ ಕೆಳಗೆ ಎಡಗೈ ಹಿಡಿಯುವಲ್ಲಿ ಮರವಿಲ್ಲ. ಮರ ಇರುವುದು ಭುಜಕ್ಕೆ ಒತ್ತಿ ಹಿಡಿಯುವ ಹಿಂದಿನ ಬಟ್‌ನಲ್ಲಿ ಮಾತ್ರ. ಅದರ ತುದಿಗೆ ಹಾಕಿದ ಲೋಹದ ತಟ್ಟೆಯ ಹಿಮ್ಮಡಿ ಈ ಮೊದಲ ಕೋವಿಗಳಲ್ಲಿ ಮೆತ್ತಗೆ ದುಂಡಾಗಿದೆ. ಮುಂದೆ ಬಂದವುಗಳಲ್ಲಿ ಅದು ಚೂಪಾಯಿತು. ನಳಿಗೆಯ ಮೇಲ್ಮುಖದಲ್ಲಿ, ಇದನ್ನು ರೂಪಿಸಿದ ಹೆನ್ರಿಯ ಪೇಟೆಂಟಿನ ದಿನಾಂಕವನ್ನು, ಅಂದರೆ 1860ರ ಅಕ್ಟೋಬರ್ 16 ಎಂಬುದನ್ನು, ಮತ್ತು ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಆರ್ಮ್ಸ್ ಕಂಪನಿಯ ಹೆಸರನ್ನು ಅಚ್ಚೊತ್ತಿದ್ದಾರೆ. ಕಬ್ಬಿಣದ ಮೈ ಕಾಲ ಕಳೆದಂತೆ ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಹಳದಿ ಮೈಯ ಹೆನ್ರಿ ದೂರದಿಂದಲೇ ಮಿಂಚಿ ಕಣ್ಣು ಸೆಳೆಯುತ್ತದೆ; ಇದು ಹಾಗಲ್ಲ, ಹತ್ತಿರ ಹೋಗಿ ನಿಂತವರಿಗೆ ಮಾತ್ರ ತನ್ನ ಗೆರೆಗಳನ್ನು ತೋರಿಸುತ್ತದೆ. ನನಗೆ ಇದೇ ಹೆಚ್ಚು ಇಷ್ಟವಾಯಿತು.

ಇನ್ನು ಆ ಒಂದು ಚಲನೆಯ ಮಾತು. ಟ್ರಿಗರ್‌ನ ಕಾವಲಿಗೆ ಇರುವ ಬಳೆಯೇ ಹಿಂದಕ್ಕೆ ಚಾಚಿಕೊಂಡು, ಬೆರಳುಗಳು ತೂರುವಷ್ಟು ದೊಡ್ಡ ಕುಣಿಕೆಯಾಗಿದೆ. ಇದೇ ಲಿವರ್. ಕೋವಿಯ ಮೈಯ ಎರಡೂ ಪಕ್ಕದ ತಟ್ಟೆಗಳನ್ನು ಬಿಚ್ಚಿದರೆ ಒಳಗೆ ಎರಡು ಜೋಡಿ ಪುಟ್ಟ ಕೊಂಡಿಗಳು ಕಾಣುತ್ತವೆ. ನಿಮ್ಮ ಮಂಡಿಯನ್ನು ನೆನೆಸಿಕೊಳ್ಳಿ: ಕಾಲು ನೆಟ್ಟಗಿದ್ದಾಗ ಇಡೀ ಮೈಭಾರವನ್ನು ಹೊರುತ್ತದೆ, ಹಿಂದಿನಿಂದ ಯಾರಾದರೂ ಮಂಡಿಗೆ ಒಂದಿಷ್ಟು ತಾಗಿಸಿದರೆ ಥಟ್ಟನೆ ಮಡಚಿಕೊಳ್ಳುತ್ತದೆ. ಈ ಕೊಂಡಿಗಳೂ ಹಾಗೆಯೇ. ನೆಟ್ಟಗೆ ನಿಂತಾಗ ತೋಟಾ ಸಿಡಿದ ರಭಸವನ್ನು ತಡೆದುಕೊಳ್ಳುತ್ತವೆ. ಲಿವರನ್ನು ಕೆಳಕ್ಕೆ ತಳ್ಳಿದೊಡನೆ ಮಡಚಿ, ನಳಿಗೆಯ ಹಿಂಬಾಗಿಲಿನಂತಿರುವ ಬೋಲ್ಟನ್ನು ಹಿಂದಕ್ಕೆ ಸೆಳೆಯುತ್ತವೆ. ಬೋಲ್ಟ್ ಹಿಂದೆ ಬರುವಾಗ ತನ್ನ ಕೊಕ್ಕೆಯಿಂದ ಖಾಲಿ ತೋಟಾವನ್ನು ಕಚ್ಚಿಕೊಂಡು ಬರುತ್ತದೆ, ಹಾಗೆಯೇ ಹಿಂದೆ ಸರಿದು ಕುದುರೆಯನ್ನು ಒತ್ತಿ ಏರಿಸಿ ನಿಲ್ಲಿಸುತ್ತದೆ. ಚಲನೆಯ ಕೊನೆಯಲ್ಲಿ, ಕೊಳವೆಯಿಂದ ಹೊಸ ತೋಟಾವನ್ನು ಹೊತ್ತ ಒಂದು ಲೋಹದ ತುಂಡು, ಏತದ ಬಕೆಟ್ಟಿನಂತೆ ಮೇಲಕ್ಕೇರಿ ಖಾಲಿ ತೋಟಾವನ್ನು ಹೊರಕ್ಕೆ ಚಿಮ್ಮಿಸಿ, ಹೊಸದನ್ನು ನಳಿಗೆಯ ನೇರಕ್ಕೆ ತಂದು ನಿಲ್ಲಿಸುತ್ತದೆ. ಲಿವರನ್ನು ಮೇಲಕ್ಕೆ ಎಳೆದರೆ ಬೋಲ್ಟ್ ಮುಂದೆ ಸಾಗಿ ತೋಟಾವನ್ನು ಒಳಗೆ ದೂಡುತ್ತದೆ, ಕೊಂಡಿಗಳು ಮತ್ತೆ ನೆಟ್ಟಗಾಗುತ್ತವೆ, ಏರಿದ್ದ ತುಂಡು ಕೆಳಗಿಳಿದು ಮುಂದಿನ ತೋಟಾಕ್ಕೆ ಕಾಯುತ್ತದೆ. ಹೇಳುವುದಕ್ಕೆ ನನಗೆ ಇಷ್ಟು ಹೊತ್ತು ಹಿಡಿಯಿತು; ಕೈಗೆ ಹಿಡಿಯುವುದು ಅರೆಕ್ಷಣ.

ಅದೇ ಕಾಲದ ಸ್ಪೆನ್ಸರ್ ರೈಫಲಿಗೂ ಲಿವರ್ ಇತ್ತು, ಅದು ಗಟ್ಟಿಮುಟ್ಟಾದ ಒಳ್ಳೆಯ ಕೋವಿಯೇ. ಆದರೆ ಅದರಲ್ಲಿ ಪ್ರತಿ ಸಲವೂ ಕುದುರೆಯನ್ನು ಹೆಬ್ಬೆರಳಿನಿಂದ ಬೇರೆಯಾಗಿ ಏರಿಸಬೇಕಿತ್ತು, ತೋಟಾಗಳು ಇದ್ದದ್ದೂ 7 ಮಾತ್ರ. ಹೆನ್ರಿಯದು 16 ತೋಟಾಗಳ ಕೋವಿ, ಕುದುರೆಯ ಕೆಲಸವೂ ಲಿವರಿನದೇ. 1862ರಲ್ಲಿ ವಾಷಿಂಗ್ಟನ್ನಿನ ನೌಕಾಪಡೆಯ ಅಂಗಳದಲ್ಲಿ ಅದನ್ನು ಪರೀಕ್ಷಿಸಿದಾಗ 15 ಗುಂಡುಗಳು 10.8 ಸೆಕೆಂಡುಗಳಲ್ಲಿ ಹಾರಿದವು. ಆ ಪರೀಕ್ಷೆಯಲ್ಲಿ ಒಟ್ಟು 1,040 ಗುಂಡು ಹಾರಿಸಿದರು. ಅಂದಿನ ಪದಾತಿ ಸೈನಿಕನ ಕೋವಿ ನಿಮಿಷಕ್ಕೆ ಎರಡು ಮೂರು ಗುಂಡು ಹಾರಿಸಿದರೆ ಅದೇ ಹೆಚ್ಚಾಗಿತ್ತು.

ಈ ಚಲನೆ ಒಬ್ಬರ ತಲೆಯಲ್ಲಿ ಒಂದೇ ದಿನ ಹುಟ್ಟಿದ್ದಲ್ಲ. ಅದರ ಬೇರು ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬವರಲ್ಲಿದೆ. ನಮ್ಮ ಮನೆಗಳಲ್ಲಿ ಸೆರಗಿಗೆ ಸಿಕ್ಕಿಸುವ ಪಿನ್ನು ಇದೆಯಲ್ಲ, ಸುರುಳಿ ಬಾಗಿ ತನ್ನ ಮೊನೆಯನ್ನು ತಾನೇ ಮುಚ್ಚಿಕೊಳ್ಳುವ ಸೇಫ್ಟಿ ಪಿನ್ನು, ಅದಕ್ಕೆ 1849ರಲ್ಲಿ ಪೇಟೆಂಟ್ ಪಡೆದು 400 ಡಾಲರಿಗೆ ಮಾರಿಬಿಟ್ಟವರು ಇವರೇ. ಅದೇ ವರ್ಷ ಅವರು ನಳಿಗೆಯ ಕೆಳಗೆ ಕೊಳವೆಯಿರುವ ಒಂದು ರೈಫಲಿಗೂ ಪೇಟೆಂಟ್ ಪಡೆದರು. ಮದ್ದನ್ನು ಗುಂಡಿನ ಟೊಳ್ಳು ಬುಡದಲ್ಲಿಯೇ ತುಂಬುವುದು ಅವರ ಉಪಾಯ. ಕಲ್ಪನೆ ಸೊಗಸಾಗಿತ್ತು, ಕೋವಿ ಮಾತ್ರ ನಾಜೂಕಾಗಿ ಬಹು ಬೇಗ ಕೆಡುತ್ತಿತ್ತು. ಲೂಯಿಸ್ ಜೆನ್ನಿಂಗ್ಸ್ ಅದನ್ನು ಸರಳಗೊಳಿಸಿದರು. ಅನಂತರ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್, ಮುಂದೆ ತಮ್ಮ ಪಿಸ್ತೂಲುಗಳಿಂದ ಜಗತ್ತಿಗೆಲ್ಲ ಪರಿಚಿತರಾದ ಅದೇ ಜೋಡಿ, ಮಂಡಿಯಂತೆ ಮಡಚುವ ಕೊಂಡಿಗಳನ್ನು ಅಳವಡಿಸಿದರು. 1855ರಲ್ಲಿ ಇದು ವೊಲ್ಕ್ಯಾನಿಕ್ ಎಂಬ ಹೆಸರಿನ ಕಂಪನಿಯ ಕೈಗೆ ಬಂದಿತು. ಯಂತ್ರ ಚೆನ್ನಾಗಿಯೇ ಓಡುತ್ತಿದ್ದರೂ ಗುಂಡಿನ ಬುಡದ ಟೊಳ್ಳಿನಲ್ಲಿ ಹಿಡಿಯುವಷ್ಟು ಮದ್ದಿನಿಂದ ಏನೂ ಸಾಧಿಸಲಾಗಲಿಲ್ಲ, ಕಂಪನಿ ಮುಳುಗಿತು. ಅದರಲ್ಲಿ ಹಣ ಹೂಡಿದ್ದ ನ್ಯೂ ಹೇವನ್ನಿನ ಅಂಗಿ ತಯಾರಕ ಆಲಿವರ್ ವಿಂಚೆಸ್ಟರ್ 1857ರಲ್ಲಿ ಉಳಿದದ್ದನ್ನೆಲ್ಲ ಕೊಂಡು ಹೊಸ ಕಂಪನಿ ಕಟ್ಟಿ, ಕಾರ್ಖಾನೆಯ ಮೇಲ್ವಿಚಾರಣೆಯನ್ನು ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲಕರ್ಮಿಗೆ ವಹಿಸಿದರು.

ಹೆನ್ರಿಯ ಜಾಣತನವನ್ನು ನಾನು ಅವರ ಕೋವಿಗಿಂತ ಮೊದಲು ಅವರ ತೋಟಾದಲ್ಲಿ ಕಾಣುತ್ತೇನೆ. ರೋಗವಿದ್ದದ್ದು ಯಂತ್ರದಲ್ಲಲ್ಲ, ಗುಂಡಿನಲ್ಲಿ ಎಂಬುದನ್ನು ಅವರು ಸರಿಯಾಗಿ ಗುರುತಿಸಿದರು. ತಾಮ್ರದ ಪುಟ್ಟ ಲೋಟದಂಥ ಕೋಶದಲ್ಲಿ ಮದ್ದು ತುಂಬಿ, ಬಾಯಿಗೆ ಸೀಸದ ಗುಂಡು ಕೂರಿಸಿ, ಕಿಡಿ ಹೊತ್ತಿಸುವ ರಾಸಾಯನಿಕವನ್ನು ಕೋಶದ ಬುಡದ ಅಂಚಿನ ಮಡಿಕೆಯೊಳಗೆ ಇಟ್ಟರು. ಅಂಚಿನ ಒಂದು ಕಡೆ ಆ ರಾಸಾಯನಿಕ ಹರಡದೆ ಉಳಿದಿದ್ದರೆ ತೋಟಾ ಸಿಡಿಯದೆ ಹೋದೀತು ಎಂದು, ಒಂದರ ಬದಲು ಬೋಲ್ಟಿನ ತುದಿಯ ಎರಡು ಮೊನೆಗಳು ಅಂಚಿನ ಎರಡು ಎದುರು ಬದಿಗಳಿಗೆ ಒಟ್ಟಿಗೆ ಬಡಿಯುವಂತೆ ಮಾಡಿದರು. ಈ ಎರಡು ಮೊನೆಗಳನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಮತ್ತೆ ಅವುಗಳ ಮಾತು ಬರುತ್ತದೆ. ಗುಂಡಿನ ತೂಕ ಸುಮಾರು 14 ಗ್ರಾಂ, ಮದ್ದು ಒಂದೂವರೆ ಗ್ರಾಂಗೆ ಸ್ವಲ್ಪ ಹೆಚ್ಚು. ಅಂದಿನ ಸೈನ್ಯದ ಮಸ್ಕೆಟ್ ಇದರ ಎರಡರಷ್ಟಕ್ಕಿಂತ ಭಾರವಾದ ಗುಂಡನ್ನು ಎರಡರಷ್ಟಕ್ಕಿಂತ ಹೆಚ್ಚು ಮದ್ದಿನಿಂದ ಹಾರಿಸುತ್ತಿತ್ತು. ಹೀಗಾಗಿ ದೂರಕ್ಕೆ ಹೆನ್ರಿ ಸೋಲುತ್ತಿತ್ತು, ಹತ್ತಿರದಲ್ಲಿ ಅದಕ್ಕೆ ಎದುರಿರಲಿಲ್ಲ.

ಮೆಚ್ಚಿದ ವಸ್ತುವಿನ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲವಾದ್ದರಿಂದ ಅವನ್ನೂ ಹೇಳುತ್ತೇನೆ. ತೋಟಾ ತುಂಬಬೇಕಾದರೆ ಬಟ್ಟನ್ನು ನೆಲಕ್ಕೂರಿ, ಕೊಳವೆಯ ಸೀಳಿನಲ್ಲಿ ಓಡಾಡುವ ಒಂದು ಪುಟ್ಟ ಗುಂಡಿಯನ್ನು ಮೇಲಿನವರೆಗೆ ತಳ್ಳಿ, ಕೊಳವೆಯ ತುದಿಯನ್ನು ಪಕ್ಕಕ್ಕೆ ತಿರುಗಿಸಿ, ಒಂದೊಂದಾಗಿ ಇಳಿಬಿಡಬೇಕು. ಯುದ್ಧದ ನಡುವೆ ಹಾಗೆ ನಿಲ್ಲುವವನು ಎದ್ದು ಕಾಣುತ್ತಾನೆ. ಆ ಸೀಳು ಕೊಳವೆಯ ಉದ್ದಕ್ಕೂ ತೆರೆದೇ ಇರುವುದರಿಂದ ಮಣ್ಣು, ಕೆಸರು ಒಳಗೆ ಹೋಗುತ್ತಿತ್ತು. ತೋಟಾಗಳು ಖರ್ಚಾದಂತೆ ಗುಂಡಿ ಹಿಂದಕ್ಕೆ ಸರಿಯುತ್ತಾ ಬಂದು ನಳಿಗೆಯನ್ನು ಹಿಡಿದ ಎಡಗೈಗೆ ತಾಗುತ್ತದೆ. ಕೈಯನ್ನು ಎತ್ತಿ ಅದಕ್ಕೆ ದಾರಿ ಬಿಡದಿದ್ದರೆ ಮುಂದಿನ ತೋಟಾ ಬರುವುದಿಲ್ಲ. ಹಿಡಿಯಲು ಮರವಿಲ್ಲದ್ದರಿಂದ ಕಾದ ಲೋಹ ಅಂಗೈಯನ್ನು ಸುಡುತ್ತದೆ. ನಾಲ್ಕು ಕಿಲೋಗೂ ಹೆಚ್ಚಿನ ತೂಕದ, ಇಷ್ಟು ನಾಜೂಕಿನ ಕೋವಿಯನ್ನು ಸೈನಿಕರು ಇಷ್ಟಪಟ್ಟರೆಂದರೆ ಆ ಒಂದು ಚಲನೆಗೆ ಅವರು ಎಷ್ಟು ಬೆಲೆ ಕೊಟ್ಟಿರಬೇಕು!

ಬೆಲೆ ಎಂದಾಗ ಹಣದ ಲೆಕ್ಕವನ್ನೂ ಹೇಳಬೇಕು. ಕೋವಿಯ ಬೆಲೆ ಸುಮಾರು 40 ಡಾಲರ್, ಸಾಮಾನ್ಯ ಸೈನಿಕನ ತಿಂಗಳ ಸಂಬಳ 13 ಡಾಲರ್. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದರೂ ಸರ್ಕಾರ ಕೊಂಡದ್ದು 1,731 ಹೆನ್ರಿಗಳನ್ನು ಮಾತ್ರ. ಭಾರ ಹೆಚ್ಚು, ಬೇರೆ ಬಗೆಯ ತೋಟಾ ಬೇಕು ಎಂಬ ಆಕ್ಷೇಪ ಶಸ್ತ್ರಾಸ್ತ್ರ ಇಲಾಖೆಯ ಹಿರಿಯರಿಂದ ಬಂದಿತ್ತು. ಆಗ ಇಲಿನಾಯ್ ರಾಜ್ಯದ ಕೆಲವು ದಳಗಳ ಸೈನಿಕರು ಮೂರು ತಿಂಗಳ ಸಂಬಳವನ್ನು ಸುರಿದು ತಾವೇ ಕೊಂಡರು. 1864ರ ಅಕ್ಟೋಬರ್ 5ರಂದು ಜಾರ್ಜಿಯಾದ ಅಲಟೂನಾ ಕಣಿವೆಯಲ್ಲಿ ಇಲಿನಾಯ್‌ನ 7ನೆಯ ದಳ ಈ ಕೋವಿಗಳನ್ನು ಹಿಡಿದೇ ದಾಳಿಯನ್ನು ತಡೆದು ನಿಂತಿತು. ಅಧ್ಯಕ್ಷ ಅಬ್ರಹಾಂ ಲಿಂಕನ್ನರಿಗೆ ಕಂಪನಿ ಉಡುಗೊರೆಯಾಗಿ ಕೊಟ್ಟ, ಚಿನ್ನದ ಲೇಪದ, ಕೆತ್ತನೆಯ ಹೆನ್ರಿ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅದರ ಸಂಖ್ಯೆ 6. ಅದು ಬಹಳ ಚಂದದ ವಸ್ತು, ಆದರೆ ಸಂಬಳ ಕೂಡಿಟ್ಟು ಕೊಂಡವನ ಕೈಯಲ್ಲಿ ಸವೆದ ಬೋಳು ಕಬ್ಬಿಣದ ಹೆನ್ರಿಯ ಎದುರು ನನ್ನ ಮನಸ್ಸು ಅದಕ್ಕೆ ಒಲಿಯುವುದಿಲ್ಲ.

ಈಗ ಆ ಎರಡು ಮೊನೆಗಳ ಮಾತಿಗೆ ಬರುತ್ತೇನೆ. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ, ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಮತ್ತು ಚೆಯೆನ್ನೆ ಜನರು ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಕುದುರೆ ದಂಡನ್ನು ಸೋಲಿಸಿದರು. ಸೈನಿಕರ ಕೈಯಲ್ಲಿ ಒಂದೇ ಈಡಿನ ಗಿಡ್ಡ ಕೋವಿಗಳಾದ ಕಾರ್ಬೈನ್‌ಗಳಿದ್ದವು. ಅವರನ್ನು ಎದುರಿಸಿದವರಲ್ಲಿ ಹಲವರ ಬಳಿ ಹೆನ್ರಿಗಳೂ ಅದರ ಮುಂದಿನ ತಲೆಮಾರಿನ ವಿಂಚೆಸ್ಟರ್‌ಗಳೂ ಇದ್ದವು. ನೂರು ವರ್ಷಗಳ ಮೇಲೆ, 1983ರ ಕಾಳ್ಗಿಚ್ಚು ಅಲ್ಲಿನ ಹುಲ್ಲನ್ನೆಲ್ಲ ಸುಟ್ಟು ನೆಲವನ್ನು ಬತ್ತಲೆ ಮಾಡಿದಾಗ, ಪುರಾತತ್ವಜ್ಞರು ಲೋಹಶೋಧಕಗಳನ್ನು ಹಿಡಿದು ಇಂಚಿಂಚೂ ಹುಡುಕಿದರು. ಸಿಕ್ಕ ತಾಮ್ರದ ಖಾಲಿ ಕೋಶಗಳ ಅಂಚಿನಲ್ಲಿ ಎದುರುಬದುರಾಗಿ ಎರಡು ಗುರುತುಗಳಿದ್ದವು. ಪ್ರತಿ ಕೋವಿಯ ಮೊನೆಯ ಗುರುತು ಬೆರಳಚ್ಚಿನಂತೆ ಬೇರೆ ಬೇರೆ. ಅವುಗಳನ್ನು ಸೂಕ್ಷ್ಮದರ್ಶಕದಡಿ ಹೋಲಿಸಿ, ಒಂದೇ ಕೋವಿ ಮೊದಲು ಎಲ್ಲಿಂದ ಹಾರಿತು, ಆಮೇಲೆ ಎಲ್ಲಿಗೆ ಸರಿಯಿತು ಎಂದು ಯುದ್ಧದ ನಡೆಯನ್ನು ಗುರುತಿಸಿದರು. ತೋಟಾ ಸಿಡಿಯದೆ ಹೋದೀತೆಂಬ ಒಬ್ಬ ಕರ್ಮಿಯ ಕಾಳಜಿ, ಹೆಸರೂ ಉಳಿಯದ ಎಷ್ಟೋ ಯೋಧರ ಹೆಜ್ಜೆಗಳನ್ನು ಆ ಮಣ್ಣಿನಲ್ಲಿ ಕಾಪಾಡಿಟ್ಟಿತ್ತು.

ಹೆನ್ರಿಗೆ ಮಾತ್ರ ತನ್ನ ದುಡಿಮೆಗೆ ತಕ್ಕ ಹಣ ಬಂದಿಲ್ಲವೆಂಬ ನೋವಿತ್ತು. 1865ರಲ್ಲಿ ಅವರು ಕಂಪನಿಯ ಒಡೆತನಕ್ಕಾಗಿ ಕನೆಕ್ಟಿಕಟ್‌ನ ಶಾಸನಸಭೆಗೆ ಮನವಿ ಸಲ್ಲಿಸಿ ಸೋತರು. ಮರುವರ್ಷ ವಿಂಚೆಸ್ಟರ್ ತಮ್ಮದೇ ಹೆಸರಿನ ಕಂಪನಿ ಕಟ್ಟಿ, ನೆಲ್ಸನ್ ಕಿಂಗ್ ರೂಪಿಸಿದಂತೆ ಮೈಯ ಪಕ್ಕದಿಂದಲೇ ತೋಟಾ ತುಂಬುವ ಕಿಂಡಿಯನ್ನಿಟ್ಟು, ಕೊಳವೆಯ ಸೀಳನ್ನು ಮುಚ್ಚಿ, ಎಡಗೈಗೆ ಮರದ ಹಿಡಿ ಕೊಟ್ಟು ಹೊಸ ರೈಫಲ್ ತಂದರು. ದೋಷಗಳೆಲ್ಲ ಕಳೆದವು, ಒಳಗಿನ ಚಲನೆ ಹೆನ್ರಿಯದೇ ಉಳಿಯಿತು. ಹೆನ್ರಿ 1898ರಲ್ಲಿ ತೀರಿಕೊಂಡರು. ಅವರ ಹೆಸರು ಕೋವಿಯ ಮೇಲಿಂದ ಹೋಗಿ ಎಷ್ಟೋ ಕಾಲವಾದ ಮೇಲೂ, ವಿಂಚೆಸ್ಟರ್ ಕಂಪನಿ ತಾನು ತಯಾರಿಸುವ ಅಂಚು ಸಿಡಿಯುವ ತೋಟಾಗಳ ಬುಡದಲ್ಲಿ ಒಂದೇ ಒಂದು ಅಕ್ಷರವನ್ನು ಒತ್ತುತ್ತಲೇ ಇತ್ತು. ನಾನು ನೋಡಿದ ಆ ಗಾಜಿನ ಪೆಟ್ಟಿಗೆಯಲ್ಲಿ, ಕಬ್ಬಿಣದ ಕೋವಿಯ ಪಕ್ಕಕ್ಕೆ ಹಸಿರುಗಟ್ಟಿದ ಅಂಥದೊಂದು ತೋಟಾವನ್ನು ಬುಡ ಮೇಲಾಗಿ ನಿಲ್ಲಿಸಿದ್ದರು. ಅದರ ಮೇಲಿದ್ದ ಅಕ್ಷರ, ಹೆನ್ರಿಯ ಎಚ್.

ನಮಸ್ಕಾರ.